ಗೆಳೆಯನಿಗೊಂದು ಪತ್ರ: ಹಲಗೆ ಬಡಿದ ಕಿಟಕಿಗಳ ಈಚೆಯಿಂದ

ಪ್ರಿಯ ಗೆಳೆಯ,

ಮೆಡ್‌ಫೀಲ್ಡ್‌ನ ನಾನು ತೆಗೆದ ಚಿತ್ರಗಳನ್ನು ನೋಡಿ, ಕಟ್ಟಡದ ಒಳಗಿನದು ಒಂದೂ ಏಕಿಲ್ಲ ಎಂದು ನೀನು ಕೇಳಿದ್ದೆ. ಅಮೆರಿಕದ ಬಾಸ್ಟನ್ನಿನ ನೈರುತ್ಯಕ್ಕಿರುವ ಆ ಸರ್ಕಾರಿ ಮಾನಸಿಕ ಆಸ್ಪತ್ರೆ 1896ರಲ್ಲಿ ಆರಂಭವಾಗಿ 2003ರಲ್ಲಿ ಮುಚ್ಚಿತು. ಹಗಲಿನಲ್ಲಿ ಆವರಣದೊಳಗೆ ಯಾರು ಬೇಕಾದರೂ ಅಡ್ಡಾಡಬಹುದು, ಆದರೆ ಕಿಟಕಿಗಳಿಗೆ ಹಲಗೆ ಬಡಿದ ಆ ಇಟ್ಟಿಗೆಯ ಕಟ್ಟಡಗಳೊಳಗೆ ಕಾಲಿಡುವಂತಿಲ್ಲ.

ಇಂಥ ಪಾಳುಬಿದ್ದ ಆಸ್ಪತ್ರೆಗಳ ಒಳಗಿನ ಚಿತ್ರಗಳು ಹೇಗಿರುತ್ತವೆಂದು ನಿನಗೂ ಗೊತ್ತು. ಬಾಯ್ಲರ್ ನಿಂತುಹೋದ ಮೇಲೆ ಗೋಡೆಯ ತೇವ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಬೇಸಿಗೆಗೆ ಕರಗಿ, ಹಳೆಯ ಸೀಸದ ಬಣ್ಣವನ್ನು ಪದರಪದರವಾಗಿ ಎಬ್ಬಿಸುತ್ತದೆ. ಉದ್ದನೆಯ ಮೊಗಸಾಲೆಯ ಕೊನೆಗೊಂದು ಕಿಟಕಿ, ಅದರಿಂದ ಒಳಬರುವ ಬೆಳಕು. ಆ ಬೆಳಕು ಆಕಸ್ಮಿಕವಾಗಿ ಬಂದದ್ದಲ್ಲ. ಬಿಸಿಲೂ ಗಾಳಿಯೂ ಚಿಕಿತ್ಸೆಯ ಭಾಗವೆಂದು ನಂಬಿದ್ದ ಫಿಲಡೆಲ್ಫಿಯಾದ ವೈದ್ಯ ಥಾಮಸ್ ಸ್ಟೋರಿ ಕಿರ್ಕ್‌ಬ್ರೈಡ್, ಪ್ರತಿ ವಾರ್ಡಿಗೂ ಅವೆರಡೂ ಸಿಗುವಂತೆ ಕಟ್ಟಡದ ರೆಕ್ಕೆಗಳನ್ನು ಒಂದರ ಹಿಂದೊಂದು ಸರಿಸಿ ಕಟ್ಟುವ ಕ್ರಮವನ್ನು 19ನೆಯ ಶತಮಾನದಲ್ಲಿ ರೂಪಿಸಿದ್ದ. ಬಾಸ್ಟನ್ನಿನ ಉತ್ತರಕ್ಕೆ 1878ರಲ್ಲಿ ತೆರೆದ ಡ್ಯಾನ್‌ವರ್ಸ್ ಆಸ್ಪತ್ರೆ ಆ ಕ್ರಮದ್ದೇ. ಸುಮಾರು 500 ಜನರಿಗೆಂದು ಕಟ್ಟಿದ ಅಲ್ಲಿ ಮುಂದೆ 2000ಕ್ಕೂ ಹೆಚ್ಚು ಜನರನ್ನು ತುಂಬಿದರು. 1992ರಲ್ಲಿ ಅದೂ ಮುಚ್ಚಿತು; ಬಹುಭಾಗ ಕೆಡವಿ ಈಗ ಅಪಾರ್ಟ್‌ಮೆಂಟ್ ಮಾಡಿದ್ದಾರೆ.

ನನ್ನನ್ನು ಕಾಡುತ್ತಿರುವುದು ಮಾತ್ರ ಬೇರೆಯೇ. ಮೆಡ್‌ಫೀಲ್ಡ್ ಆಸ್ಪತ್ರೆಗೆ ಸೇರಿದ ಒಂದು ಸ್ಮಶಾನವಿದೆ. 1918ರ ಇನ್‌ಫ್ಲುಯೆಂಜಾ ಸಮಯದಲ್ಲಿ ತೆರೆದ ಅಲ್ಲಿ 841 ರೋಗಿಗಳನ್ನು ಹೂಳಿದ್ದಾರೆ, ಮತ್ತು ಬಹಳ ಕಾಲ ಅವರ ತಲೆಯ ಬಳಿ ಇದ್ದದ್ದು ಬರಿಯ ಸಂಖ್ಯೆ. ಹೆಸರುಗಳು ಬಂದದ್ದು ಈ ಶತಮಾನದಲ್ಲಿ, ಊರಿನವರು ದಾಖಲೆ ಹುಡುಕಿ ಕಲ್ಲಿಗೆ ಬರೆಸಿದ ಮೇಲೆ. ಉದುರುವ ಬಣ್ಣವನ್ನು ನಮ್ಮಂಥವರು ಇಷ್ಟು ಪ್ರೀತಿಯಿಂದ ಚಿತ್ರಿಸುತ್ತೇವೆ. ಆ ಗೋಡೆಯ ಪಕ್ಕದಲ್ಲೇ ಜೀವಮಾನ ಕಳೆದವಳ ಹೆಸರನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಇದು ತಪ್ಪೆಂದು ನನಗೆ ಈಗ ಖಚಿತವಾಗಿ ಅನ್ನಿಸುತ್ತಿದೆ.

ನಿನಗೂ ಹೇಳದ ಮಾತೊಂದಿದೆ. ನಮ್ಮಜ್ಜಿಗೆ ಒಬ್ಬ ತಂಗಿಯಿದ್ದಳು. ಎರಡನೆಯ ಹೆರಿಗೆಯ ನಂತರ ಅವಳನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು, ಕರೆತರಲು ಯಾರೂ ಹೋಗಲಿಲ್ಲ. ಮನೆಯ ಗೋಡೆಯಲ್ಲಿ ತೀರಿಕೊಂಡವರ ಚಿತ್ರಗಳೆಲ್ಲ ಸಾಲಾಗಿವೆ, ಅವಳದೊಂದಿಲ್ಲ. ತಿಥಿಯ ದಿನವೂ ಅವಳನ್ನು ನೆನೆಯುವುದಿಲ್ಲ. ಖಾಲಿ ವಾರ್ಡುಗಳ ಕಡೆಗೆ ನನ್ನನ್ನು ಎಳೆಯುವುದು ಬೆಳಕೇ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅಲ್ಲಿನ ಪ್ರತಿ ಕಿಟಕಿಯ ಮುಂದೆಯೂ ನಾನು ಅವಳನ್ನೇ ಹುಡುಕುತ್ತೇನೆ. ಅವಳ ಹೆಸರು ಸುಬ್ಬಕ್ಕ.

ಸಾಕು, ಎಲ್ಲರೂ ಓದುವ ಪತ್ರದಲ್ಲಿ ಮನೆಯ ಮಾತು ಇಷ್ಟೇ ಇರಲಿ. ಅಕ್ಟೋಬರಿನಲ್ಲಿ ನೀನು ಬರುವುದು ಖಂಡಿತವಾದರೆ ಮೊದಲು ಸ್ಮಶಾನಕ್ಕೆ ಹೋಗೋಣ, ಆಮೇಲೆ ಆಸ್ಪತ್ರೆಯ ಆವರಣಕ್ಕೆ. ಟ್ರೈಪಾಡ್ ನನ್ನ ಬಳಿ ಇದೆ, ನೀನು ಹೊತ್ತು ತರಬೇಡ. ಹೆಡ್‌ಮಾಸ್ಟರ್ ಛತ್ರಿಯನ್ನು ಮಾತ್ರ ಮರೆಯಬೇಡ, ಇಲ್ಲಿಯ ಮಳೆಗೂ ಅದೇ ಸರಿ. ಅತ್ತಿಗೆಗೆ ನಮಸ್ಕಾರ ತಿಳಿಸು, ಮತ್ತು ಕೋಡುಬಳೆಯ ಡಬ್ಬಿಯ ಮೇಲೆ ಈ ಸಲವಾದರೂ ನನ್ನ ಹೆಸರು ಬರೆಯುವಂತೆ ಹೇಳು.

ನಿನ್ನವ