ಹಾಡಿನ ಪಟ್ಟಿ ತೋರಿಸಿ ಟಿಕೆಟ್ ಮಾರಿದಿರಿ, ಆ ಹಾಡುಗಳು ಎಲ್ಲಿ?

ಗೆ,
ವ್ಯವಸ್ಥಾಪಕರು,
ಕಾರ್ಯಕ್ರಮ ನಡೆಸಿದ ಸಂಸ್ಥೆ,
ಶಿವಮೊಗ್ಗ.

ವಿಷಯ: ಇಂಗ್ಲೆಂಡಿನ ರಾಕ್ ಬ್ಯಾಂಡ್ ಐರನ್ ಮೇಡನ್‌ನ ಹಾಡುಗಳನ್ನು ಬೇರೆ ಕಲಾವಿದರು ನುಡಿಸುವ ಗೌರವ ಸಂಜೆಯಲ್ಲಿ ಪೋಸ್ಟರಿನಲ್ಲಿ ಹಾಕಿದ ಹಾಡುಗಳನ್ನು ನುಡಿಸದೇ ಇದ್ದದ್ದು ಮತ್ತು ಟಿಕೆಟ್ ಹಣ ವಾಪಸ್ ಮಾಡುವ ಬಗ್ಗೆ.

ಮಾನ್ಯರೇ,

ಫೋನಿನಲ್ಲಿ ಮಾತಾಡಿ ಸಾಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಕರೆ ಮಾಡಿದಾಗಲೆಲ್ಲ "ಸರ್ ಮೀಟಿಂಗಲ್ಲಿದ್ದಾರೆ, ಅವರೇ ಮಾಡ್ತಾರೆ" ಎಂಬ ಮಾತು. ಯಾರೂ ಮಾಡಲಿಲ್ಲ. ಕೊನೆಗೆ ಮೊನ್ನೆ ಫೋನ್ ಎತ್ತಿದ ನಿಮ್ಮ ಸಿಬ್ಬಂದಿ, "ಪ್ರೋಗ್ರಾಮ್ ಆಯ್ತಲ್ವಾ ಸರ್? ಸೌಂಡ್ ಬಂತಲ್ವಾ? ಮತ್ತೇನು ಕಂಪ್ಲೇಂಟು?" ಎಂದು ಕೇಳಿದರು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಹಾಗೆ ಹೇಳು ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಆದರೆ ಕೇಳಿದ್ದಕ್ಕೆ ಉತ್ತರ ಕೊಡಲೇಬೇಕು, ಅದೂ ಬರವಣಿಗೆಯಲ್ಲಿ.

ನೀವು ನಮಗೆ ಮಾರಿದ್ದು ಸೌಂಡ್ ಅಲ್ಲ, ಹತ್ತು ಹಾಡುಗಳ ಒಂದು ಪಟ್ಟಿ. ದುರ್ಗಿಗುಡಿಯಲ್ಲಿ, ಬಿ.ಎಚ್. ರಸ್ತೆಯಲ್ಲಿ, ಬಸ್ ಸ್ಟ್ಯಾಂಡಿನ ಎದುರು ನೀವು ಅಂಟಿಸಿದ ಪೋಸ್ಟರಿನಲ್ಲಿ ಕಲಾವಿದರ ಹೆಸರು ಸಣ್ಣ ಅಕ್ಷರದಲ್ಲಿತ್ತು. ದೊಡ್ಡ ಅಕ್ಷರದಲ್ಲಿ ಇದ್ದದ್ದು "ನೀವೇ ಆರಿಸಿದ ಹಾಡುಗಳು, ನಿಮ್ಮದೇ ಊರಲ್ಲಿ". ಕೆಳಗೆ ಒಂದರಿಂದ ಹತ್ತರವರೆಗೆ ಹಾಡುಗಳ ಹೆಸರು. ಟಿಕೆಟ್ಟಿನ ಹಿಂದೆಯೂ ಅದೇ ಪಟ್ಟಿ ಇದೆ. ಅಚ್ಚು ಹಾಕಿಸಿದ ಆ ಮಾತನ್ನು ನೀವೇ ಮುರಿದಿದ್ದೀರಿ.

ಈ ಪಟ್ಟಿ ಹೇಗೆ ಬಂತು ಎಂಬುದು ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ಇಪ್ಪತ್ತೈದು ಹಾಡು ಕೊಟ್ಟು, ಹತ್ತಕ್ಕೆ ಮತ ಹಾಕಿ ಎಂದು ನಮ್ಮನ್ನು ಕರೆದವರು ನೀವು. ನಾವಾಗಿ ಬಂದವರಲ್ಲ. ನಮ್ಮ ಗುಂಪಿನಲ್ಲಿ ಹೊಸನಗರದ ಅಡಿಕೆ ಬೆಳೆಗಾರರಿದ್ದಾರೆ, ಭದ್ರಾವತಿಯ ನರ್ಸ್ ಒಬ್ಬರಿದ್ದಾರೆ, ಸಾಗರದ ಇಂಗ್ಲಿಷ್ ಮೇಡಂ ಇದ್ದಾರೆ, ಇಲ್ಲಿನ ಎಂಜಿನಿಯರಿಂಗ್ ಹುಡುಗರಿದ್ದಾರೆ. ಮತದಾನ ಶುರುವಾದ ದಿನದಿಂದ ಇವರೆಲ್ಲ ನಿದ್ದೆಗೆಟ್ಟು ವಾದ ಮಾಡಿದ್ದಾರೆ. ಹಾಗೆ ವಾದ ಮಾಡಲು ಕಾರಣ ಇದೆ.

ಐರನ್ ಮೇಡನ್ 1975ರಲ್ಲಿ ಲಂಡನ್ನಿನ ಪೂರ್ವ ಭಾಗದಲ್ಲಿ ಹುಟ್ಟಿದ ಬ್ಯಾಂಡ್. ಇಷ್ಟು ವರ್ಷದ ಹಾಡುಗಳಲ್ಲಿ ಒಂದು ಸಂಜೆಗೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಲೋಕದ ಎಲ್ಲ ಕಡೆಯ ಅಭಿಮಾನಿಗಳೂ ಮುಗಿಸಲಾಗದ ಜಗಳ. 2006ರಲ್ಲಿ ಅವರು ಹೊಸ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ವೇದಿಕೆಯಲ್ಲಿ ನುಡಿಸಿದಾಗ, ಹಳೆಯ ಹಾಡಿಗೆ ಕಾದಿದ್ದ ಜನ ಬೇಜಾರು ಮಾಡಿಕೊಂಡರು. 1986ರ "ಅಲೆಕ್ಸಾಂಡರ್ ದಿ ಗ್ರೇಟ್" ಹಾಡನ್ನು ಜನ ದಶಕಗಳ ಕಾಲ ಕೇಳಿಕೊಂಡೇ ಬಂದರು. ಅದು ಮೊದಲ ಸಲ ವೇದಿಕೆಗೆ ಬಂದದ್ದು 2023ರಲ್ಲಿ! 2025ರ ಪ್ರವಾಸದಲ್ಲಿ 1980ರಿಂದ 1992ರವರೆಗಿನ ಮೊದಲ ಒಂಬತ್ತು ಆಲ್ಬಮ್ಮಿನ ಹಾಡುಗಳು ಮಾತ್ರ ಎಂದು ಮೊದಲೇ ಸಾರಿದರು. ಹಳಬರು ಕುಣಿದರು, ಹೊಸ ಹಾಡು ಮೆಚ್ಚಿದವರು ಮುನಿದರು.

ನಮ್ಮಲ್ಲೂ ಅದೇ ಆಯಿತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರನ್ನು ಕಂಡ ನಮ್ಮಂಥವರಿಗೆ ಅವತ್ತಿನ ಹಾಡುಗಳೇ ಬೇಕು. ರಾತ್ರಿ ಬಸ್ಸಿನಲ್ಲಿ ಹೋಗಿ, ನಿಂತೇ ಕೇಳಿ, ಮತ್ತೆ ರಾತ್ರಿ ಬಸ್ಸಿನಲ್ಲಿ ವಾಪಸ್ ಬಂದವರು ನಾವು. "ಫಿಯರ್ ಆಫ್ ದಿ ಡಾರ್ಕ್" ಹಾಡಿನ ಗಿಟಾರ್ ರಾಗಕ್ಕೆ ಇಡೀ ಮೈದಾನ ಓ ಓ ಎಂದು ದನಿ ಸೇರಿಸಿದ್ದು ಈಗಲೂ ಕಿವಿಯಲ್ಲಿದೆ. ಎಂಜಿನಿಯರಿಂಗ್ ಹುಡುಗರು 2015ರ ಆಲ್ಬಮ್ಮಿನ 18 ನಿಮಿಷದ "ಎಂಪೈರ್ ಆಫ್ ದಿ ಕ್ಲೌಡ್ಸ್" ಬೇಕು ಎಂದು ಹಟ ಹಿಡಿದರು. ಅದಕ್ಕೆ ಪಿಯಾನೋ ಬೇಕು, ಇಲ್ಲಿ ಯಾರು ತರುತ್ತಾರೆ ಎಂದು ನಾನೇ ವಿರೋಧ ಮಾಡಿದೆ. ಸಾಗರದ ಮೇಡಂ ಮಾತ್ರ 1984ರ "ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್" ಬಿಟ್ಟು ಕದಲಲಿಲ್ಲ. ಆ ಹಾಡು ಕೋಲ್‌ರಿಜ್ ಕವಿತೆಯಿಂದ ಹುಟ್ಟಿದ್ದು. ಅವರು ಅದೇ ಕವಿತೆಯನ್ನು ತರಗತಿಯಲ್ಲಿ ಪಾಠ ಮಾಡುತ್ತಾರೆ. 13 ನಿಮಿಷ ದಾಟುವ ಹಾಡು, ಅದು ಬಂದರೆ ಬೇರೆ ಎರಡು ಹಾಡು ಹೋಗುತ್ತವೆ ಎಂದು ಎಷ್ಟೋ ಜನ ಬೇಡ ಅಂದರು. ಕೊನೆಗೆ ಎಲ್ಲರೂ ಒಂದೊಂದು ಹಾಡು ಬಿಟ್ಟುಕೊಟ್ಟರು. ಆ ಬಿಟ್ಟುಕೊಟ್ಟದ್ದರಿಂದ ಆದ ಪಟ್ಟಿಯನ್ನೇ ನೀವು ಪೋಸ್ಟರಿಗೆ ಹಾಕಿ 750 ರೂಪಾಯಿಗೆ ಮಾರಿದಿರಿ.

ಇನ್ನು ಆ ಸಂಜೆ. ಆರೂವರೆಗೆ ಶುರು ಎಂದಿದ್ದಿರಿ. ಎಂಟು ಗಂಟೆವರೆಗೆ ಪ್ರಾಯೋಜಕರಿಗೆ ಪೇಟ, ಶಾಲು, ಹಾರ, ಭಾಷಣ. ತೆರೆದ ಮೈದಾನದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ 2000ನೇ ಇಸವಿಯಿಂದ ಇದೆ. ಕಾರ್ಯಕ್ರಮ ನಡೆಸುವುದನ್ನೇ ಕಸುಬು ಮಾಡಿಕೊಂಡ ನಿಮಗೆ ಇದು ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಗೊತ್ತಿದ್ದೇ ಸಮಯ ತಿಂದಿರಿ.

ಉಳಿದ ಎರಡು ಗಂಟೆಯಲ್ಲಿ ಏನು ಬಂತು? ಹತ್ತರಲ್ಲಿ ಮೂರು ಹಾಡು. "ದಿ ಟ್ರೂಪರ್" ಪೂರ್ತಿ, "ರನ್ ಟು ದಿ ಹಿಲ್ಸ್" ಅರ್ಧ, "ಫಿಯರ್ ಆಫ್ ದಿ ಡಾರ್ಕ್" ಹಾಡಿನ ಓ ಓ ಭಾಗ ಮಾತ್ರ. ಉಳಿದದ್ದೆಲ್ಲ ಕಾಲೇಜ್ ಫೆಸ್ಟುಗಳಲ್ಲಿ ಬರುವ ಇಂಗ್ಲಿಷ್ ಹಾಡುಗಳು, ಆಮೇಲೆ ಸಿನಿಮಾ ಹಾಡುಗಳು. ಸಿನಿಮಾ ಹಾಡಿನ ಮೇಲೆ ನನಗೆ ಏನೂ ದ್ವೇಷವಿಲ್ಲ, ಮನೆಯಲ್ಲಿ ದಿನಾ ಕೇಳುತ್ತೇನೆ. ಆದರೆ ಅವತ್ತು ಅದಕ್ಕೆ ಬಂದವರಲ್ಲ ನಾವು.

ಈಗ ನಿಮ್ಮ ಮ್ಯಾನೇಜರ್ ಜೊತೆ ನಡೆದ ಮಾತುಕತೆ. ಇದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಕಚೇರಿ ಇದನ್ನು "ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್" ಎಂದು ಕರೆದಿದೆ.

"ಹೋಟೆಲ್ ಕ್ಯಾಲಿಫೋರ್ನಿಯಾ" ಮುಗಿದ ಮೇಲೆ ನಾನು ಎದ್ದು ಮಿಕ್ಸರ್ ಟೇಬಲ್ ಹತ್ತಿರ ಹೋದೆ. ಜೊತೆಗೆ ತೀರ್ಥಹಳ್ಳಿಯಿಂದ ಬಂದಿದ್ದ ನನ್ನ ತಂಗಿಯ ಮಗ ಇದ್ದ. ಅವನಿಗೆ ಹದಿನಾರು ವರ್ಷ, ಅವನ ಮೊದಲ ಕಾರ್ಯಕ್ರಮ. ಮ್ಯಾನೇಜರ್ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು. "ಸ್ವಾಮಿ, ಪಟ್ಟಿಯಲ್ಲಿ ಇಲ್ಲದ ಹಾಡು ಬರ್ತಾ ಇದೆ, ನಮ್ಮ ಹಾಡು ಯಾವಾಗ ಶುರು?" ಎಂದು ಕೇಳಿದೆ. ತಲೆ ಎತ್ತಲಿಲ್ಲ. ಮತ್ತೆ ಕೇಳಿದೆ. "ಅದೂ ರಾಕೇ ಅಲ್ವಾ ಅಂಕಲ್?" ಅಂದರು. ಅದು ಈಗಲ್ಸ್ ಬ್ಯಾಂಡಿನ ಹಾಡು, ಇವತ್ತಿನ ಸಂಜೆ ಐರನ್ ಮೇಡನ್‌ದು ಎಂದೆ. "ಪಬ್ಲಿಕ್‌ಗೆ ಏನು ಬೇಕೋ ಅದು ಕೊಡ್ಬೇಕು ಅಂಕಲ್" ಅಂದರು. ಮತ ಹಾಕಿದ ಪಬ್ಲಿಕ್ ನಾವೇ ಎಂದು ಟಿಕೆಟ್ ತಿರುಗಿಸಿ ಪಟ್ಟಿ ತೋರಿಸಿದೆ. ಟಿಕೆಟ್ ತೆಗೆದುಕೊಂಡು, ಮೊಬೈಲ್ ಟಾರ್ಚ್ ಹಾಕಿ, ಮೇಲಿಂದ ಕೆಳಗೆ ಬೆರಳಾಡಿಸಿ, "ಇದ್ರಲ್ಲಿ ಯಾವ್ದು ಬೇಕಾಗಿತ್ತು ನಿಮ್ಗೆ?" ಎಂದು ಕೇಳಿದರು. "ಹ್ಯಾಲೋಡ್ ಬಿ ದೈ ನೇಮ್" ಎಂದೆ. "ಏನು?" ಮತ್ತೆ ಹೇಳಿದೆ. "ಸ್ಪೆಲ್ಲಿಂಗ್ ಹೇಳಿ." ಹೇಳಿದೆ. "ನಂಗೆ ಗೊತ್ತಿಲ್ಲ ಈ ಸಾಂಗು. ಸ್ವಲ್ಪ ಹಾಡಿ ತೋರ್ಸಿ ಅಂಕಲ್, ನೋಡೋಣ."

ಪಕ್ಕದಲ್ಲಿದ್ದ ಹುಡುಗರು ನಕ್ಕರು. ಅಷ್ಟಕ್ಕೇ ಬಿಡಲಿಲ್ಲ. ನಿರೂಪಕಿಯ ಕೈಯಿಂದ ಮೈಕ್ ತರಿಸಿಕೊಂಡು, "ಫ್ರೆಂಡ್ಸ್, ಇಲ್ಲೊಬ್ರು ಅಂಕಲ್‌ಗೆ ಅವರ ಕಾಲದ ಹಾಡು ಬೇಕಂತೆ, ಒಂದು ಜೋರು ಚಪ್ಪಾಳೆ!" ಎಂದರು. ಜನ ಚಪ್ಪಾಳೆ ಹೊಡೆದರು. ನನ್ನ ತಂಗಿಯ ಮಗ ನೆಲ ನೋಡುತ್ತಾ ನಿಂತ. ಆಮೇಲೆ ಜೇಬಿನಿಂದ ತಂಪು ಪಾನೀಯದ ಕೂಪನ್ ತೆಗೆದು ಅವನ ಕೈಗೆ ತುರುಕಿ, "ಮಾವನ್ನ ಕರ್ಕೊಂಡೋಗಿ ಕೂರ್ಸು" ಅಂದರು. ಅವನು ಕೂಪನ್ನನ್ನು ಟೇಬಲ್ ಮೇಲೆ ಇಟ್ಟು ನನ್ನ ಕೈ ಹಿಡಿದುಕೊಂಡು ಬಂದ. ನನ್ನ ಟಿಕೆಟ್ ನಿಮ್ಮ ಮ್ಯಾನೇಜರ್ ಕೈಯಲ್ಲೇ ಉಳಿಯಿತು, ವಾಪಸ್ ಕೇಳುವ ಹೊತ್ತಿಗೆ ಅದರ ಮೇಲೆ ಟೀ ಲೋಟ ಇಟ್ಟಿದ್ದರು. ಆ ಕಲೆಯ ಸಮೇತ ಟಿಕೆಟ್ ನನ್ನ ಬಳಿ ಇದೆ. ಫೋಟೋ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ತಿಳಿಯದ ಹಾಡನ್ನು ತಿಳಿದವರಿಂದ ಕೇಳಿ ತಿಳಿಯುವುದರಲ್ಲಿ ಅವಮಾನ ಇಲ್ಲ. 1982ರ ಆ ಹಾಡು, ಗಲ್ಲಿಗೆ ಹೋಗುವ ಮುಂಚೆ ಒಬ್ಬ ಕೈದಿಯ ಮನಸ್ಸಿನಲ್ಲಿ ಏನು ಓಡುತ್ತದೆ ಎಂಬುದರ ಬಗ್ಗೆ. ಗಂಟೆಯ ಸದ್ದಿನಿಂದ ಶುರುವಾಗುತ್ತದೆ. ನನ್ನ ಹೈಸ್ಕೂಲು ದಿನಗಳಲ್ಲಿ ಗಾಂಧಿ ಬಜಾರಿನಿಂದ ತಂದ ಕ್ಯಾಸೆಟ್ಟಿನಲ್ಲಿ ಅದನ್ನು ಕೇಳಿದವನು ನಾನು. ನಿಮ್ಮ ಮ್ಯಾನೇಜರ್ ಕೇಳಿದ್ದರೆ ಸಂತೋಷದಿಂದ ಹೇಳುತ್ತಿದ್ದೆ. ಅವರು ಕೇಳಿದ್ದು ತಿಳಿಯಲು ಅಲ್ಲ, ನಗಿಸಲು.

ಕಲಾವಿದರ ಬಗ್ಗೆ ನನಗೆ ಒಂದು ಮಾತಿನ ದೂರೂ ಇಲ್ಲ. ಮುಗಿದ ಮೇಲೆ ಗಿಟಾರಿನ ಹುಡುಗ ನಾವಿದ್ದಲ್ಲಿಗೇ ಬಂದು ಸಾರಿ ಕೇಳಿದ. ಹಾಡಿನ ಪಟ್ಟಿ ಅವರ ವಾಟ್ಸಾಪಿಗೆ ಬಂದದ್ದು ಅದೇ ದಿನ ಮಧ್ಯಾಹ್ನವಂತೆ. 1999ರಿಂದ ಐರನ್ ಮೇಡನ್‌ನಲ್ಲಿ ಮೂವರು ಗಿಟಾರಿಸ್ಟರು. ಇಲ್ಲಿ ದುಡ್ಡು ಉಳಿಸಲು ಇಬ್ಬರನ್ನೇ ಕರೆಸಿದ್ದೀರಿ. ಪ್ರಾಕ್ಟೀಸಿಗೆ ಹಣ ಕೊಡುವುದಿಲ್ಲ ಎಂದಿದ್ದೀರಿ. 13 ನಿಮಿಷದ ಹಾಡನ್ನು ಮಧ್ಯಾಹ್ನ ನೋಡಿ ಸಂಜೆ ನುಡಿಸಲು ಯಾರಿಂದ ಆಗುತ್ತದೆ? ಅಂದರೆ ಪೋಸ್ಟರ್ ಅಂಟಿಸುವಾಗಲೇ ಈ ಹಾಡುಗಳು ಬರುವುದಿಲ್ಲ ಎಂದು ನಿಮಗೆ ಗೊತ್ತಿತ್ತು. ನನ್ನ ಹೊಟ್ಟೆ ಉರಿಯುವುದು ಇದಕ್ಕೆ.

"ದೊಡ್ಡ ದೊಡ್ಡ ಬ್ಯಾಂಡ್‌ಗಳೇ ಹಾಡು ಬದಲಾಯಿಸುತ್ತವೆ" ಎಂದು ನಿಮ್ಮ ಕಚೇರಿಯವರು ವಾದ ಮಾಡಿದರು. ಬದಲಾಯಿಸುತ್ತವೆ, ನಿಜ. ಐರನ್ ಮೇಡನ್ ಕಟ್ಟಿದ ಸ್ಟೀವ್ ಹ್ಯಾರಿಸ್ ತನ್ನ ಹಾಡಿನಲ್ಲಿ ಯಾವುದನ್ನು ನುಡಿಸಬೇಕು ಎಂದು ಹೇಳಲು ನಾನು ಯಾರು? ಬೇಜಾರಾದರೆ ವಾದ ಮಾಡುತ್ತೇನೆ, ಮುಂದಿನ ಸಲ ಮತ್ತೆ ಹೋಗುತ್ತೇನೆ. ಮೆಟಾಲಿಕಾ ಬ್ಯಾಂಡ್ 2023ರಿಂದ ಒಂದೇ ಊರಲ್ಲಿ ಎರಡು ರಾತ್ರಿ ನುಡಿಸಿ, ಒಂದು ಹಾಡೂ ಎರಡನೇ ಸಲ ಬರುವುದಿಲ್ಲ ಎಂದು ಮೊದಲೇ ಹೇಳಿ ಟಿಕೆಟ್ ಮಾರುತ್ತಿದೆ. ಹೇಳಿದ ಹಾಗೆ ನಡೆಯುತ್ತದೆ. ಹಾಡು ಆರಿಸುವುದು ಕಲಾವಿದರ ಹಕ್ಕು. ನೀವು ಕಲಾವಿದರಲ್ಲ, ಮಾರಾಟ ಮಾಡಿದವರು. ನಮ್ಮ ಕಡೆ ಯಕ್ಷಗಾನ ಮೇಳದವರು ಕರಪತ್ರದಲ್ಲಿ ಒಂದು ಪ್ರಸಂಗ ಅಚ್ಚು ಹಾಕಿಸಿ, ರಂಗದಲ್ಲಿ ಇನ್ನೊಂದು ಆಡಿದರೆ ಜನ ಸುಮ್ನೆ ಕೂರುತ್ತಾರಾ? ಆಮೇಲೆ "ಅದೂ ಯಕ್ಷಗಾನವೇ ಅಲ್ವಾ" ಎಂದು ಯಾವ ಮೇಳದ ಯಜಮಾನರೂ ಹೇಳುವುದಿಲ್ಲ. ಅವರಿಗೆ ಮರ್ಯಾದೆ ಇದೆ.

ನನಗೆ ಬೇಕಾದದ್ದು ಜಾಸ್ತಿ ಏನಿಲ್ಲ. ಆ ಪಟ್ಟಿ ನೋಡಿ ಟಿಕೆಟ್ ತೆಗೆದುಕೊಂಡ ಎಲ್ಲರಿಗೂ ಪೂರ್ತಿ ಹಣ ವಾಪಸ್ ಬರಬೇಕು, ನನಗೊಬ್ಬನಿಗೆ ಕೊಟ್ಟು ಬಾಯಿ ಮುಚ್ಚಿಸಬೇಡಿ. ಕಲಾವಿದರ ಬಾಕಿ ಹಣ ಕೊಡಿ. ನಿಮ್ಮ ಮ್ಯಾನೇಜರ್ ನನ್ನ ತಂಗಿಯ ಮಗನಿಗೆ ಕ್ಷಮೆ ಕೇಳಬೇಕು. ನನಗೆ ಕೇಳದಿದ್ದರೂ ಪರವಾಗಿಲ್ಲ, ಅವನಿಗೆ ಕೇಳಬೇಕು.

ಹದಿನೈದು ದಿನ ಕಾಯುತ್ತೇನೆ. ಆಮೇಲೆ ಫೋನ್ ಮಾಡುವುದಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತು, ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ, ಮೂರಕ್ಕೂ ವಿವರಣೆ ಇದೆ. ನೀವು ಮೂರನ್ನೂ ಒಂದೇ ಸಂಜೆಯಲ್ಲಿ ಮಾಡಿದ್ದೀರಿ. ದೂರು ಕೊಡಲು ಎರಡು ವರ್ಷ ಸಮಯವಿದೆ. 5 ಲಕ್ಷ ರೂಪಾಯಿ ಒಳಗಿನ ಪ್ರಕರಣಕ್ಕೆ ಶುಲ್ಕವೂ ಇಲ್ಲ, ವಕೀಲರೇ ಬೇಕು ಎಂದೂ ಇಲ್ಲ. ಜಿಲ್ಲಾ ಗ್ರಾಹಕರ ಆಯೋಗ ಇದೇ ಊರಿನಲ್ಲಿದೆ. ಸಹಾಯವಾಣಿ 1915ಕ್ಕೆ ನಾನಂತೂ ಮೊದಲೇ ಹೇಳಿಯಾಗಿದೆ. ಸಾಗರದ ಮೇಡಂ ದೂರಿನ ಕರಡು ಬರೆದಿಟ್ಟಿದ್ದಾರೆ. ಹೊಸನಗರದವರು ಸಾಕ್ಷಿ ಹೇಳಲು ಕೊಯ್ಲಿನ ಕೆಲಸ ಬಿಟ್ಟು ಬರುತ್ತೇನೆ ಎಂದಿದ್ದಾರೆ. ಮೈಕಿನಲ್ಲಿ ನನ್ನನ್ನು ನಗೆಪಾಟಲು ಮಾಡಿದ ವಿಡಿಯೋ ಎಂಜಿನಿಯರಿಂಗ್ ಹುಡುಗರ ಮೊಬೈಲಿನಲ್ಲಿದೆ, ಧ್ವನಿ ಸ್ಪಷ್ಟವಾಗಿದೆ.

ಇನ್ನೊಂದು ವಿಷಯ. ಯುಗಾದಿ ಕಳೆದ ಮೇಲೆ ಇನ್ನೊಂದು "ನೀವೇ ಆರಿಸಿ" ಸಂಜೆ ಮಾಡುತ್ತೀರಿ ಎಂದು ಕೇಳಿದೆ. ಮಾಡಿ. ನಿಮ್ಮ ಪೋಸ್ಟರ್ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಜನಕ್ಕೆ ಈ ಹತ್ತು ಹಾಡಿನ ಪಟ್ಟಿಯನ್ನೂ, ಅದರಲ್ಲಿ ನೀವು ನುಡಿಸಿದ ಮೂರನ್ನೂ ನಾವು ಹೇಳುತ್ತೇವೆ. ಟಿಕೆಟ್ ಕೌಂಟರಿನ ಎದುರು ನಿಂತು ಹೇಳುತ್ತೇವೆ, ಶಿವಮೊಗ್ಗದಲ್ಲಿ, ಸಾಗರದಲ್ಲಿ, ತೀರ್ಥಹಳ್ಳಿಯಲ್ಲಿ. ಆಗ ಮೈಕ್ ಯಾರ ಕೈಗೆ ಕೊಡುತ್ತೀರೋ ಈಗಲೇ ಯೋಚಿಸಿಟ್ಟುಕೊಳ್ಳಿ.

ಇಂತಿ,
ನಿಮ್ಮ ಮೂರನೇ ಸಾಲಿನ ಟಿಕೆಟ್ ಕೊಂಡವನು,
ಶಿವಮೊಗ್ಗ.