ಪುಟ್ಟನ ಹೆವಿ ಲೈಸೆನ್ಸೂ ಜಗಲಿಯ ಫೋಟೋವೂ

ರಾಸ್ ಅಲ್ ಖೈಮಾ, ಯುಎಇ
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ಭಾವನಿಗೆ ನಮಸ್ಕಾರ.

ನಾನು ಇಲ್ಲಿ ಸೌಖ್ಯ. ಕೈಯಲ್ಲಿ ಫೋನಿದ್ದೂ ಇವನಿಗೆ ಕಾಗದ ಬರೆಯುವ ಮರುಳು ಯಾಕೆ ಅಂತ ಭಾವ ನಗಬಹುದು. ಮೊನ್ನೆ ನಿನ್ನ ಮಗ ಪುಟ್ಟನ ಜೊತೆ ಗಲ್ಫ್ ಕೆಲಸದ ಮಾತು ಜಗಳಕ್ಕೆ ಹೋಯಿತು, ಅವನು ಫೋನು ಇಟ್ಟ. ಆಮೇಲೆ ಮಾಡಿದರೆ ನೀನೂ ತೆಗೆಯಲಿಲ್ಲ. ನಮ್ಮ ಕ್ಯಾಂಪಿನ ಉಪ್ಪಳದವರೊಬ್ಬರು ನಾಡಿದ್ದು ಊರಿಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಇದನ್ನು ಕೊಡುತ್ತೇನೆ, ವಿಟ್ಲಕ್ಕೆ ತಲುಪಿಸುತ್ತಾರೆ. ಈಗ ಜುಮಾ ನಮಾಜಿಗೆ ಕ್ರಷರ್ ನಿಂತಿದೆ. ಜಲ್ಲಿ ತುಂಬಿಸಲು ಕಾಯುವ ಟ್ರೈಲರುಗಳ ಸಾಲಿನಲ್ಲಿ ನನ್ನದು ಒಂಬತ್ತನೆಯದು. ಸ್ಟೀರಿಂಗ್ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಪುಟ್ಟನಿಗೆ ಲಾರಿ ಓಡಿಸುವ ಹೆವಿ ಲೈಸೆನ್ಸ್ ಸಿಕ್ಕಿದ್ದು ನನಗೂ ಖುಷಿಯೇ. ಪೆರ್ಲದಲ್ಲಿ ಅಮ್ಮನ ಜೊತೆ ಇದ್ದುಕೊಂಡು, ದಿನಾ ಬಸ್ಸು ಹಿಡಿದು ಕಾಸರಗೋಡಿಗೆ ಹೋಗಿ ಕಲಿತ ಹುಡುಗ. ಆದರೆ ಆ ಲೈಸೆನ್ಸಿನ ಫೋಟೋವನ್ನು ಸಿಕ್ಕಿದ ದಿನವೇ ಡ್ರೈವರುಗಳ ನಾಲ್ಕು ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾನೆ. ಹೆಸರು, ಹುಟ್ಟಿದ ದಿನ, ವಿಳಾಸ ಎಲ್ಲಾ ಅದರಲ್ಲೇ ಉಂಟು. ಎಂಟು ದಿನಕ್ಕೆ ಮೆಸೇಜು ಬಂತು. ಟ್ರೈಲರ್ ಡ್ರೈವರ್ ಬೇಕು, ಅನುಭವ ಬೇಡ, ತಿಂಗಳಿಗೆ 6,500 ದಿರ್ಹಂ, ಊಟ ವಸತಿ ಫ್ರೀ.

ಅಕ್ಕಾ, ನಾನು ಇಲ್ಲಿ ಟ್ರೈಲರ್ ಓಡಿಸಲು ಶುರುಮಾಡಿ ಒಂಬತ್ತು ವರ್ಷ ಆಯಿತು. ನನ್ನ ಬೇಸಿಕ್ 1,800 ದಿರ್ಹಂ. ಅದರ ಮೇಲೆ ಟ್ರಿಪ್ ಮನಿ. ಒಳ್ಳೆ ತಿಂಗಳಲ್ಲೂ ಎಲ್ಲಾ ಸೇರಿ 4,000 ಮುಟ್ಟುವುದಿಲ್ಲ. ಶಿರಾಡಿ ಘಾಟಿಯನ್ನು ಬಸ್ಸಿನಲ್ಲಿ ಕೂತು ಮಾತ್ರ ನೋಡಿದ ಹುಡುಗನಿಗೆ ಯಾವ ಪುಣ್ಯಾತ್ಮ 6,500 ಕೊಡುತ್ತಾನೆ? ಊರಿನ ಲೈಸೆನ್ಸಿನಲ್ಲಿ ಇಲ್ಲಿ ಟ್ರೈಲರಿನ ಸ್ಟೀರಿಂಗ್ ಮುಟ್ಟಲೂ ಬಿಡುವುದಿಲ್ಲ. ಕ್ಲಾಸು, ಪಾರ್ಕಿಂಗ್ ಟೆಸ್ಟು, ರೋಡ್ ಟೆಸ್ಟು ಅಂತ ಮತ್ತೆ ಎಲ್ಲಾ ಮಾಡಬೇಕು. ಇಲ್ಲಿ ಗಾಡಿ ಹೋಗುವುದು ರಸ್ತೆಯ ಬಲಕ್ಕೆ. ನಾನು ರೋಡ್ ಟೆಸ್ಟಿನಲ್ಲಿ ಮೂರು ಸಲ ಫೇಲಾದವನು.

ಅವರು ಹೊಸಬರನ್ನೇ ಹಿಡಿಯುವುದು ಸುಮ್ನೆ ಅಲ್ಲ. ಹಳೆ ಡ್ರೈವರ್ ಆದರೆ ಗಾಡಿ ಯಾವುದು, ಲೋಡು ಎಂತದ್ದು, ಟ್ರಿಪ್ಪಿಗೆ ಎಷ್ಟು, ದಂಡ ಬಿದ್ದರೆ ಯಾರು ಕಟ್ಟುವುದು ಅಂತ ಕೇಳುತ್ತಾನೆ. ಹೊಸಬ ಕೇಳುವುದು ಒಂದೇ, ಯಾವಾಗ ಹೋಗುವುದು ಅಂತ. ಊರಲ್ಲಿ ಅವನ ಕೈಗೆ ಯಾರೂ ಲಾರಿ ಕೊಟ್ಟಿರುವುದಿಲ್ಲ. ಮೊದಲು ಕ್ಲೀನರ್ ಆಗಿ ಬಾ ಅಂದಿರುತ್ತಾರೆ. ಹಾಗೆ ಅನ್ನಿಸಿಕೊಂಡು ಬೇಜಾರಿನಲ್ಲಿ ಕೂತವನಿಗೆ ಕಂಪೆನಿ ಸೀಲು ಹಾಕಿದ ಆಫರ್ ಲೆಟರ್ ಬಂದರೆ ಕಣ್ಣು ಕಾಣುವುದಿಲ್ಲ.

ಪುಟ್ಟ ಕಳುಹಿಸಿದ ಆಫರ್ ಲೆಟರನ್ನು ನಾನು ಎರಡು ಸಲ ನೋಡಿದೆ. ಕಂಪೆನಿ ದೊಡ್ಡದಂತೆ, ಇಮೇಲ್ ಮಾತ್ರ ಯಾರು ಬೇಕಾದರೂ ಮಾಡಿಕೊಳ್ಳುವ ಜೀಮೇಲ್. ಅವರು ಕೇಳಿದ 68,000 ರೂಪಾಯಿ ಹಾಕಬೇಕಾದ್ದು ಯಾರೋ ಒಬ್ಬನ ಸೇವಿಂಗ್ಸ್ ಖಾತೆಗೆ. ವಿಸಾ 60 ದಿನದ ವಿಸಿಟ್ ವಿಸಾ, ಬಂದ ಮೇಲೆ ಬದಲಾಯಿಸೋಣ ಅನ್ನುತ್ತಾರೆ. ವಿಸಿಟ್ ವಿಸಾದಲ್ಲಿ ಇಲ್ಲಿ ಕೆಲಸ ಮಾಡುವುದೇ ಅಪರಾಧ. ಸಿಕ್ಕಿಬಿದ್ದರೆ ಏಜೆಂಟನಿಗೆ ಏನೂ ಆಗುವುದಿಲ್ಲ. ಸರಿಯಾದ ಕೆಲಸಕ್ಕೆ ಇಲ್ಲಿನ ಕಾರ್ಮಿಕ ಇಲಾಖೆಯ ಆಫರ್ ಲೆಟರ್ ಬರುತ್ತದೆ, ಅದರ ನಂಬರ್ ಕೊಟ್ಟರೆ ನಾನೇ ನೋಡಿ ಹೇಳುತ್ತೇನೆ. ಇಲಾಖೆಯ ಆ ಲೆಟರು ಮಲಯಾಳದಲ್ಲಿ ಉಂಟು, ತಮಿಳಿನಲ್ಲಿ ಉಂಟು, ಕನ್ನಡದಲ್ಲಿ ಮಾತ್ರ ಇಲ್ಲ.

ಪುಟ್ಟ ಹೇಳುವುದು ಎಂತ ಗೊತ್ತಾ? ‘ಮಾವಾ, ಆ ಜನ ನಮ್ಮ ಕನ್ನಡದಲ್ಲೇ ಚಂದ ಮಾತಾಡ್ತಾರೆ.’ ನಾವು ಗಡಿಯವರು ಬೀಳುವುದೇ ಅಲ್ಲಿ. ಕಚೇರಿ ಕಾಗದ ಎಲ್ಲಾ ಮಲಯಾಳದಲ್ಲಿ ಬರುತ್ತದೆ, ಅರ್ಧ ಓದಿ ಬಿಡುತ್ತೇವೆ. ಹೊರದೇಶಕ್ಕೆ ಹೋಗುವವರನ್ನು ನೋಡಿಕೊಳ್ಳುವ ಕೇರಳ ಸರಕಾರದ ನೋರ್ಕಾದವರು ಎಷ್ಟು ಎಚ್ಚರಿಕೆ ಹಾಕಿದರೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದರ ಮಧ್ಯೆ ಒಬ್ಬ ಕನ್ನಡದಲ್ಲಿ ‘ಊಟ ಆಯ್ತಾ’ ಅಂದರೆ ಸಾಕು, ಮನೆಯವನೇ ಆಗಿಬಿಡುತ್ತಾನೆ.

ಭಾವನಿಗೆ ಒಂದು ಲೆಕ್ಕ. ನಮ್ಮ ದೇಶದ ಕಾನೂನಿನಲ್ಲಿ ರಿಜಿಸ್ಟರ್ ಆದ ಏಜೆಂಟ್ ತೆಗೆದುಕೊಳ್ಳಬಹುದಾದ ಸರ್ವಿಸ್ ಚಾರ್ಜು 30,000 ರೂಪಾಯಿ. 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 35,400. ರಸೀದಿ ಕೊಡಲೇಬೇಕು. ರಿಜಿಸ್ಟರ್ ಆದವರ ಪಟ್ಟಿ ಸರಕಾರದ ಇ-ಮೈಗ್ರೇಟ್ ಸೈಟಿನಲ್ಲಿ ಉಂಟು. ಅಸಲಿ ಏಜೆನ್ಸಿಯ ಹೆಸರು, ನಂಬರು ಕದ್ದು ಹಾಕುವವರೂ ಇದ್ದಾರೆ. ಹಾಗಾಗಿ ಮೆಸೇಜಿನಲ್ಲಿರುವ ಫೋನಿಗೆ ಅಲ್ಲ, ಆ ಪಟ್ಟಿಯಲ್ಲಿರುವ ಫೋನಿಗೆ ಮಾಡಿ ಕೇಳಿ. ಇನ್ನೊಂದು ವಿಚಿತ್ರ ನೋಡು. ಹತ್ತನೇ ಪಾಸಾಗದವರು ಗಲ್ಫಿಗೆ ಕೆಲಸಕ್ಕೆ ಹೊರಟರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು, ಕಾಗದವನ್ನು ಸರಕಾರದವರು ಒಮ್ಮೆ ನೋಡುತ್ತಾರೆ. ಪುಟ್ಟ ಪಾಸಾದವನು, ಅವನಿಗೆ ಅದು ಬೇಡ. ಕಲಿತವನ ಕಾಗದವನ್ನು ಅವನೇ ನೋಡಿಕೊಳ್ಳಬೇಕು.

5,000 ಆಗಲೇ ಹಾಕಿದ್ದಾನೆ ಅಂತ ಅಮ್ಮ ಬಾಯಿಬಿಟ್ಟರು. ನಿನಗೆ ಹೇಳಿಲ್ಲ ಅಂತ ಕಾಣುತ್ತದೆ. ಬೈಯಬೇಡ. ಈ ಕಾಗದ ಸಿಕ್ಕಿದ ಕೂಡಲೇ ಸೈಬರ್ ಮೋಸದ ದೂರು ಕೊಡುವ 1930 ನಂಬರಿಗೆ ಫೋನು ಮಾಡಿಸು, ತಡವಾದಷ್ಟೂ ದುಡ್ಡು ಬೇರೆ ಬೇರೆ ಖಾತೆಗೆ ಹಾರಿ ಹೋಗುತ್ತದೆ. ಪಾಸ್‌ಪೋರ್ಟು ಮಾತ್ರ ಯಾರ ಕೈಗೂ ಕೊಡುವುದು ಬೇಡ. ಆಧಾರ್ ಹಿಡಿದುಕೊಂಡು ಸೆಲ್ಫಿ ಕಳುಹಿಸು ಅಂದರೂ ಬೇಡ. ಅದರಲ್ಲಿ ಸಿಮ್ಮು ತೆಗೆದು, ಖಾತೆ ತೆರೆದು ಇನ್ನೊಬ್ಬನಿಗೆ ಮೋಸ ಮಾಡುತ್ತಾರೆ, ಪೊಲೀಸರು ಬರುವುದು ಪೆರ್ಲದ ಮನೆಗೆ. ರಷ್ಯಾದಲ್ಲಿ ಒಳ್ಳೆ ಕೆಲಸ ಅಂತ ಹೋದ ಹುಡುಗರನ್ನು ಯುದ್ಧಕ್ಕೆ ತಳ್ಳಿದ್ದು, ಸಿಬಿಐ ಕೇಸಾದದ್ದು 2024ರಲ್ಲಿ ಭಾವನೇ ಪೇಪರಿನಲ್ಲಿ ಓದಿ ಹೇಳಿದ್ದಲ್ವಾ?

ಈಗ ನಿನಗೆ ಒಂದು ವಿಷಯ ಹೇಳಬೇಕು. ಮೊನ್ನೆ ಜಗಳದಲ್ಲಿ ಪುಟ್ಟ ಕೇಳಿದ, ‘ನೀವು ಹೋಗಿ ಮೂರೇ ತಿಂಗಳಿಗೆ ಟ್ರೈಲರ್ ಹತ್ತಲಿಲ್ವಾ? ನನಗೆ ಮಾತ್ರ ಯಾಕೆ ಆಗುವುದಿಲ್ಲ?’ ನನ್ನ ಬಾಯಿಗೆ ಉತ್ತರ ಬರಲಿಲ್ಲ.

ನಾನು ಹತ್ತಿರಲಿಲ್ಲ ಅಕ್ಕಾ. 2012ರಲ್ಲಿ ನಿನ್ನ ಎರಡು ಬಳೆ ಅಡವಿಟ್ಟು ಕೊಟ್ಟ 85,000 ಏಜೆಂಟನಿಗೆ ಹೋಯಿತು. ಅವನೂ ಕನ್ನಡದವನೇ. ಬಂದದ್ದು ವಿಸಿಟ್ ವಿಸಾದಲ್ಲಿ, ಡ್ರೈವರ್ ಕೆಲಸ ಇರಲೇ ಇಲ್ಲ. ಒಂದು ಗ್ಯಾರೇಜಿನಲ್ಲಿ ಹದಿನಾಲ್ಕು ತಿಂಗಳು ಲಾರಿ ತೊಳೆದೆ. ಒಂದು ಕೋಣೆಯಲ್ಲಿ ಹನ್ನೊಂದು ಜನ. ಮೊದಲ ನಾಲ್ಕು ತಿಂಗಳು ಸಂಬಳವೇ ಇಲ್ಲ, ನಿನಗೆ ಕಳುಹಿಸಿದ್ದು ಸಾಲದ ದುಡ್ಡು. ಊರಲ್ಲಿ ದೂರು ಕೊಡಲು ಗೆಳೆಯನನ್ನು ಕಳುಹಿಸಿದ್ದೆ. ಏಜೆಂಟನ ಆಫೀಸು ಮಂಗಳೂರು, ಅಲ್ಲಿಗೆ ಹೋಗಿ ಅಂದರು ಕೇರಳದವರು. ಮಂಗಳೂರಿನವರು ನಿಮ್ಮ ಮನೆ ಕೇರಳ, ಅಲ್ಲೇ ಕೊಡಿ ಅಂದರು. ಅಡ್ಕಸ್ಥಳದ ಗಡಿ ದಾಟಿ ದಾಟಿ ಅವನಿಗೆ ಸಾಕಾಯಿತು. ಈಗ ಹಾಗಿಲ್ಲ, 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ ಯಾವ ಸ್ಟೇಷನ್ನಿನಲ್ಲಿ ಕೊಟ್ಟರೂ ದೂರು ದಾಖಲಿಸಿಕೊಳ್ಳಲೇಬೇಕು. ಪುಟ್ಟನಿಗೆ ಬೇಕಾದೀತು ಅಂತ ಬರೆದೆ.

ನಿನ್ನ ಬಳೆ ಹೋಗಿತ್ತಲ್ಲ, ಸತ್ಯ ಬರೆಯಲು ಧೈರ್ಯ ಬರಲಿಲ್ಲ. ಹಾಗೆ ಬರೆದದ್ದು ಆ ಸುಳ್ಳು.

ಪುಟ್ಟ ಇಲ್ಲಿಗೆ ಬರುವುದೇ ಬೇಡ ಅಂತ ನಾನು ಹೇಳುವುದಿಲ್ಲ. ಬದಿಯಡ್ಕದ ಕಡೆ ಕೆಂಪುಕಲ್ಲು ಸಾಗಿಸುವ ನನ್ನ ಗೆಳೆಯನ ಲಾರಿ ಉಂಟು. ಮಾತಾಡಿದ್ದೇನೆ. ಮೊದಲು ಆರು ತಿಂಗಳು ಜೊತೆಗೆ ಹೋಗಲಿ, ಕ್ಲೀನರ್ ಅಂತಲೇ ಇಟ್ಟುಕೋ. ಮತ್ತೆ ಸ್ಟೀರಿಂಗ್ ಕೊಡುತ್ತಾನೆ. ಎರಡು ಮಳೆಗಾಲ ಘಾಟಿ ಹತ್ತಿ ಇಳಿಯಲಿ. ಆಮೇಲೂ ಬರುವ ಮನಸ್ಸಿದ್ದರೆ ನಮ್ಮ ಕಂಪೆನಿಯಲ್ಲೇ ಕೇಳುತ್ತೇನೆ.

ಕ್ರಷರ್ ಶುರುವಾಯಿತು, ಮುಂದಿನ ಗಾಡಿಗಳು ಸರಿಯುತ್ತಿವೆ. ಅಮ್ಮನ ಮೊಣಗಂಟಿಗೆ ಎಣ್ಣೆ ಕಳುಹಿಸಿದ್ದೇನೆ.

ಇದನ್ನು ಪುಟ್ಟನಿಗೆ ನೀನೇ ಓದಿ ಹೇಳು, ಲಾರಿ ತೊಳೆದ ಭಾಗವನ್ನು ಬಿಡಬೇಡ. ನಂಬದಿದ್ದರೆ ಪೆರ್ಲದ ಮನೆಯ ಜಗಲಿಯಲ್ಲಿ ನಾನು ಹಳದಿ ಟ್ರೈಲರಿಗೆ ಒರಗಿ ನಿಂತ ಫೋಟೋ ಉಂಟಲ್ಲ, ಅದನ್ನು ಇಳಿಸಿ ತೋರಿಸು. ಎಡಗಡೆ ಚಕ್ರದ ಹಿಂದೆ ನೀಲಿ ಬಕೆಟಿನ ಅಂಚು ಕಾಣುತ್ತದೆ. ಫೋಟೋ ತೆಗೆಯುವಾಗ ಅಡಗಿಸಿ ಇಟ್ಟದ್ದು, ಪೂರ್ತಿ ಅಡಗಿಲ್ಲ.

ನಿನ್ನ ತಮ್ಮ