1850ಕ್ಕಿಂತ ಹಿಂದಿನ ಪೂರ್ವಜ: ಗಣತಿಯ ಸಾಲು, ಗೋರಿಯ ಕಲ್ಲು

ಮಾನ್ಯ ಸಂಪಾದಕರೇ,

ಅಮೆರಿಕದ ಕುಟುಂಬಗಳು ಹದಿನೆಂಟನೇ ಶತಮಾನದ ತಮ್ಮ ಮೂಲಪುರುಷರನ್ನು ಮನೆಯಲ್ಲಿ ಕುಳಿತೇ ಪತ್ತೆ ಹಚ್ಚುತ್ತಿರುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಸ್ವಾರಸ್ಯವಾಗಿತ್ತು. ಆದರೆ ಜನಗಣತಿಯ ಕಡತದಲ್ಲಿ ಹೆಸರು ಸಿಕ್ಕಿತೆಂದರೆ ಪೂರ್ವಜನೇ ಸಿಕ್ಕಂತೆ ಎಂಬ ಭಾವನೆ ಅದನ್ನು ಓದಿದವರಲ್ಲಿ ಮೂಡುವ ಸಂಭವವಿದೆ. 1850ಕ್ಕಿಂತ ಹಿಂದಿನ ಕಾಲಕ್ಕೆ ಆ ಮಾತು ಸಲ್ಲುವುದಿಲ್ಲ ಎಂಬುದನ್ನು ತಿಳಿಸಲು ಈ ಪತ್ರ ಬರೆಯುತ್ತಿದ್ದೇನೆ.

1790ರಲ್ಲಿ ನಡೆದ ಮೊದಲ ಗಣತಿಯಲ್ಲಿ ಸುಮಾರು 39 ಲಕ್ಷ ಜನರನ್ನು ಎಣಿಸಲಾಯಿತು. ಆದರೆ ಹೆಸರು ಬರೆದದ್ದು ಮನೆಯ ಯಜಮಾನನದು ಮಾತ್ರ. ಉಳಿದವರೆಲ್ಲ ಹದಿನಾರು ವರ್ಷ ತುಂಬಿದ ಬಿಳಿಯ ಗಂಡಸರು, ಅದಕ್ಕಿಂತ ಚಿಕ್ಕ ಹುಡುಗರು, ಬಿಳಿಯ ಹೆಂಗಸರು, ಇತರ ಸ್ವತಂತ್ರರು, ಗುಲಾಮರು ಎಂಬ ಐದು ಕಲಮುಗಳಲ್ಲಿ ಬರಿಯ ಅಂಕಿಗಳಾಗಿ ಉಳಿದರು. ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವುದಕ್ಕಾಗಿ ನಡೆಸಿದ ಎಣಿಕೆಯಾದ್ದರಿಂದ ಯಾರ ಮಗ ಯಾರು ಎಂದು ಕೇಳುವ ಅಗತ್ಯ ಗಣತಿದಾರನಿಗೆ ಇರಲಿಲ್ಲ. ಸ್ವತಂತ್ರರಾದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ದಾಖಲಾದದ್ದು 1850ರಲ್ಲಿ. ಮನೆಯ ಯಜಮಾನನಿಗೂ ಉಳಿದವರಿಗೂ ಇರುವ ಸಂಬಂಧವನ್ನು ಬರೆಯತೊಡಗಿದ್ದು 1880ರಲ್ಲಿ.

ಹಾಗೆಂದು ಹಳೆಯ ಗಣತಿಗಳು ನಿರುಪಯೋಗಿಯಲ್ಲ. 1800 ಮತ್ತು 1810ರಲ್ಲಿ ವಯಸ್ಸಿನ ಕಲಮುಗಳು ಹತ್ತರೊಳಗೆ, ಹದಿನಾರರೊಳಗೆ, ಇಪ್ಪತ್ತಾರರೊಳಗೆ, ನಲವತ್ತೈದರೊಳಗೆ, ಅದಕ್ಕೂ ಮೇಲೆ ಎಂದು ಹೆಚ್ಚಾದವು. ಒಬ್ಬ ಯಜಮಾನ 1800ರಲ್ಲಿ ಇಪ್ಪತ್ತಾರರಿಂದ ನಲವತ್ತೈದರೊಳಗಿನ ಕಲಮಿನಲ್ಲೂ, 1810ರಲ್ಲಿ ನಲವತ್ತೈದು ತುಂಬಿದವರ ಕಲಮಿನಲ್ಲೂ ಇದ್ದಾನೆ ಎಂದುಕೊಳ್ಳೋಣ. ಆತ ಹುಟ್ಟಿದ್ದು 1755 ಮತ್ತು 1765ರ ನಡುವೆ ಎಂದು ಈ ಎರಡು ಸಾಲುಗಳೇ ಹೇಳುತ್ತವೆ. ಅದೇ ಊರಿನ ಚರ್ಚಿನ ಸ್ಮಶಾನದಲ್ಲಿ ಅದೇ ಹೆಸರಿನ ಗೋರಿಕಲ್ಲಿದ್ದು, '1823ರ ಮಾರ್ಚಿನಲ್ಲಿ, ತನ್ನ 62ನೆಯ ವರ್ಷದಲ್ಲಿ ಮರಣಿಸಿದ' ಎಂದು ಕೆತ್ತಿದ್ದರೆ, ಆತನಿಗೆ ತುಂಬಿದ್ದು ಅರವತ್ತೊಂದೇ ವರ್ಷ. ಹುಟ್ಟು 1761 ಅಥವಾ 1762ರ ಆರಂಭಕ್ಕೆ ಬರುತ್ತದೆ, ಗಣತಿಯೊಂದಿಗೆ ತಾಳೆಯಾಗುತ್ತದೆ. ಕಲ್ಲಿನ ಮೇಲೆ ಐವತ್ತು ವರ್ಷ ಎಂದಿದ್ದರೆ ಆತ ಬೇರೆಯವನೇ ಇರಬೇಕು. ಒಂದೇ ಊರಿನಲ್ಲಿ ಒಂದೇ ಹೆಸರಿನವರು ಇಬ್ಬರು ಮೂವರು ಇರುತ್ತಿದ್ದುದು ಸಾಮಾನ್ಯ. ಇನ್ನೊಂದು ತೊಡಕೆಂದರೆ, ಆ ಕಾಲದ ದಾಖಲೆಗಳಲ್ಲಿ ಹೆಸರಿನ ಮುಂದೆ ಕಾಣುವ ಸೀನಿಯರ್, ಜೂನಿಯರ್‌ಗಳು ಅಪ್ಪ ಮಕ್ಕಳೇ ಆಗಿರಬೇಕೆಂದಿಲ್ಲ. ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ನಂಟೇ ಇಲ್ಲದ ಹಿರಿಯ ಕಿರಿಯರೂ ಇರಬಹುದು. ವಂಶಾವಳಿಗಳು ದಾರಿ ತಪ್ಪುವುದು ಬಹುಪಾಲು ಇಲ್ಲೇ ಎಂದು ನನ್ನ ಎಣಿಕೆ.

ಕಲ್ಲನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಹಳೆಯ ಸ್ಲೇಟು ಕಲ್ಲುಗಳ ಮೇಲೆ ರೆಕ್ಕೆಯುಳ್ಳ ತಲೆಬುರುಡೆಯೂ ಅದರ ಕೆಳಗಿನ ಅಕ್ಷರಗಳೂ ಇಂದಿಗೂ ಸ್ಪಷ್ಟವಾಗಿ ಕಾಣಸಿಗುತ್ತವೆ. ಅವುಗಳ ನಂತರ ಬಂದ ಅಮೃತಶಿಲೆಯಾದರೋ ಮಳೆಗೆ ಕರಗಿ, 3 ಯಾವುದು 8 ಯಾವುದು ಎಂದು ತಿಳಿಯದಂತಾಗಿರುತ್ತದೆ. ಓದಲೆಂದು ಅದರ ಮೇಲೆ ಸೀಮೆಸುಣ್ಣವನ್ನೋ ಶೇವಿಂಗ್ ಕ್ರೀಮನ್ನೋ ಬಳಿಯುವ ಉತ್ಸಾಹಿಗಳಿದ್ದಾರೆ. ಅದು ಕಲ್ಲಿಗೇ ಹಾನಿ, ಬದಿಯಿಂದ ಕನ್ನಡಿಯಲ್ಲಿ ಬೆಳಕು ಹಾಯಿಸಿದರೆ ಸಾಕು. ಕೆಲವು ಕಲ್ಲುಗಳನ್ನು ಮೊಮ್ಮಕ್ಕಳು ಎಷ್ಟೋ ದಶಕಗಳ ನಂತರ ನೆನಪಿನಿಂದ ಬರೆಸಿ ನಿಲ್ಲಿಸಿರುತ್ತಾರೆ. ಅಲ್ಲದೆ 1752ರಲ್ಲಿ ಬ್ರಿಟಿಷ್ ವಸಾಹತುಗಳು ಪಂಚಾಂಗವನ್ನೇ ಬದಲಿಸಿ ಹನ್ನೊಂದು ದಿನಗಳನ್ನು ಕೈಬಿಟ್ಟವು. ಅದಕ್ಕೆ ಮೊದಲು ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22.

ಇಷ್ಟಾದರೂ ಹೆಂಗಸರ ಮಟ್ಟಿಗೆ ಕಲ್ಲೇ ಮೇಲು. ಗಂಡ ಬದುಕಿರುವವರೆಗೂ ಗಣತಿಯಲ್ಲಿ ಹೆಸರಿಲ್ಲದ ಹೆಣ್ಣು, ವಿಧವೆಯಾಗಿ ತಾನೇ ಯಜಮಾನಿಯಾದಾಗ ಮೊದಲ ಬಾರಿಗೆ ಅಲ್ಲಿ ಕಾಣಿಸಿಕೊಳ್ಳುತ್ತಾಳೆ. ಆದರೆ ಅವಳ ಗೋರಿಯ ಮೇಲೆ ಇಂಥವನ ಹೆಂಡತಿ, ಕೆಲವೊಮ್ಮೆ ಇಂಥವನ ಮಗಳು ಎಂದೂ ಕೆತ್ತಿರುತ್ತದೆ. 1840ರ ಗಣತಿಯಲ್ಲೂ ಒಂದು ಅಪರೂಪದ ಸುಳಿವಿದೆ. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ನಡೆದ ಕ್ರಾಂತಿಯುದ್ಧದ ಪಿಂಚಣಿದಾರರ ಹೆಸರನ್ನೂ ವಯಸ್ಸನ್ನೂ ಅವರು ವಾಸವಿದ್ದ ಮನೆಯ ಸಾಲಿನಲ್ಲಿಯೇ ಬರೆಯಲಾಯಿತು. ಎಂಬತ್ತು ದಾಟಿದ ಯೋಧ ಬೇರೆ ಮನೆತನದ ಹೆಸರಿನ ಯಜಮಾನನೊಬ್ಬನ ಮನೆಯಲ್ಲಿ ಕಂಡರೆ, ಅದು ಅಳಿಯನ ಮನೆಯೇ ಎಂದು ಹುಡುಕಿ ನೋಡಬೇಕು.

ಗುಲಾಮಗಿರಿಗೆ ಸಿಕ್ಕವರ ಸಂತತಿಗೆ ಈ ದಾರಿಗಳೂ ಇಲ್ಲ ಎಂಬುದನ್ನು ಲೇಖನ ಪ್ರಸ್ತಾಪಿಸಲೇ ಇಲ್ಲ. 1850 ಮತ್ತು 1860ರ ಪ್ರತ್ಯೇಕ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ, ಅದರ ಕೆಳಗೆ ವಯಸ್ಸು, ಲಿಂಗ, ಬಣ್ಣ ಇಷ್ಟೇ ಇವೆ. ಅವರಲ್ಲಿ ಬಹುತೇಕರ ಹೆಸರುಗಳು ಮೊದಲು ಬಂದದ್ದು 1870ರಲ್ಲಿ. ಅವರ ಗೋರಿಗಳಲ್ಲಿ ಅನೇಕವಕ್ಕೆ ಕಲ್ಲೇ ಇಲ್ಲ. ನ್ಯೂಯಾರ್ಕಿನಲ್ಲಿ 1991ರಲ್ಲಿ ಸರ್ಕಾರಿ ಕಟ್ಟಡವೊಂದಕ್ಕೆ ನೆಲ ಅಗೆದಾಗ ಹಳೆಯ ಆಫ್ರಿಕನ್ ಸ್ಮಶಾನ ಕಾಣಿಸಿಕೊಂಡು, ನಾನೂರಕ್ಕೂ ಹೆಚ್ಚು ಜನರ ಅವಶೇಷಗಳು ಸಿಕ್ಕವು. ಅವರ ಹೆಸರುಗಳು ತಿಳಿದಿಲ್ಲ.

ಕಳೆದುಹೋದ ಕಡತಗಳ ಮಾತನ್ನು ಬೆಳೆಸುವುದಿಲ್ಲ. ವರ್ಜೀನಿಯಾದ 1790ರ ಪಟ್ಟಿ ಉಳಿದಿಲ್ಲ, ಅಲ್ಲಿ ರಾಜ್ಯದ ತೆರಿಗೆ ಪಟ್ಟಿಗಳೇ ಗತಿ. 1890ರ ಗಣತಿಯ ಬಹುಭಾಗ 1921ರ ಜನವರಿಯ ಬೆಂಕಿಯಲ್ಲಿ ಹಾಳಾಯಿತು.

ನನ್ನ ಮುಖ್ಯ ಆಕ್ಷೇಪ ಜಾಲತಾಣಗಳ ವಂಶವೃಕ್ಷಗಳ ಬಗ್ಗೆ. 1995ರಲ್ಲಿ ಆರಂಭವಾದ ಫೈಂಡ್ ಎ ಗ್ರೇವ್‌ನಂಥ ತಾಣಗಳಲ್ಲಿ ಸ್ವಯಂಸೇವಕರು ಗೋರಿಗಳ ಚಿತ್ರ ತೆಗೆದು ಏರಿಸಿರುವುದು ದೊಡ್ಡ ಉಪಕಾರವೇ. ಆದರೆ ಚಿತ್ರದ ಪಕ್ಕದಲ್ಲಿ ತಂದೆತಾಯಿಯರೆಂದು ಜೋಡಿಸಿದ ಹೆಸರುಗಳು ಕಲ್ಲಿನಲ್ಲಿ ಇಲ್ಲದೆಯೂ ಇರಬಹುದು. ಒಬ್ಬರು ಊಹಿಸಿ ಸೇರಿಸಿದ್ದನ್ನು ಹತ್ತು ಜನ ನಕಲು ಮಾಡಿದರೆ ಹತ್ತು ಸಾಕ್ಷಿ ಆಗುವುದಿಲ್ಲ. ಗಣತಿಯೂ ಗೋರಿಯೂ ಒಬ್ಬ ವ್ಯಕ್ತಿಯನ್ನು ಗುರುತಿಸಿಕೊಟ್ಟಾವು, ಅವನ ಮಕ್ಕಳು ಯಾರೆಂಬುದಕ್ಕೆ ಕೌಂಟಿ (ಅಂದರೆ ಅಲ್ಲಿನ ಜಿಲ್ಲೆ) ನ್ಯಾಯಾಲಯದಲ್ಲಿರುವ ಉಯಿಲನ್ನೋ ಜಮೀನಿನ ಪತ್ರವನ್ನೋ ನೋಡಲೇಬೇಕು. ಲೇಖನದಲ್ಲಿ ಬಂದ ಕುಟುಂಬ 1790ರ ಯಜಮಾನನಿಗೂ 1850ರ ಮನೆಗೂ ಸಂಬಂಧ ಕಲ್ಪಿಸಿದ್ದು ಯಾವ ದಾಖಲೆಯಿಂದ ಎಂಬುದನ್ನು ಲೇಖಕರು ಮುಂದಿನ ಕಂತಿನಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಪತ್ರಿಕೆಯ ಓದುಗ